ಕೊನೆಯ ಪುಟದಿಂದ ಓದುತ್ತಿದ್ದ ಜುಬೇದಾ ಮೇಡಂ

ಜುಬೇದಾ ಮೇಡಂ ಯಾವ ಕಾಗದವನ್ನೂ ಮೊದಲ ಪುಟದಿಂದ ಓದುತ್ತಿರಲಿಲ್ಲ. ಕೈಗೆ ಬಂದದ್ದು ಸರ್ಕಾರದ ಸುತ್ತೋಲೆ ಇರಲಿ, ಕಂಪನಿಯ ಒಪ್ಪಂದ ಇರಲಿ, ಮದುವೆಯ ಆಮಂತ್ರಣವೇ ಇರಲಿ, ಮೊದಲು ಹಿಂದಿನ ಪುಟ ತೆರೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಲ್ಲಿಂದ ಮುಂದಕ್ಕೆ ಬರುತ್ತಿದ್ದರು. ವಿಜಯಪುರದ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಇದನ್ನು ನೋಡಿ ನಕ್ಕರು.

“ಉರ್ದು ಸಾಲಿ ಕಲ್ತೀರಿ ಕಾಣ್ತೈತಿ ಮೇಡಮ್ರ. ಹಿಂದಿನಿಂದ ಓದಾಕತ್ತೀರಿ.”

“ನಾ ಕಲ್ತದ್ದು ಕನ್ನಡ ಸಾಲಿರಿ,” ಎಂದರು ಮೇಡಂ, ತಲೆ ಎತ್ತದೆ. “ಮುಚ್ಚಿಡೂದೆಲ್ಲಾ ನೀವು ಹಿಂದಿನ ಪುಟದಾಗ ಇಟ್ಟಿರ್ತೀರಿ. ಅದಕ್ಕ ಅಲ್ಲಿಂದ ಸುರು ಮಾಡ್ತೀನಿ.”

ಗುಮಾಸ್ತರು ಆಗ ನಮಗೆ ಚಹಾ ತರಿಸಿದರು ಎಂದು ನನ್ನ ನೆನಪು ಹೇಳುತ್ತದೆ. ನಾನು ನಂಬುವುದಿಲ್ಲ. ಆ ಕಚೇರಿಯಲ್ಲಿ ನಮಗೆ ಯಾರೂ ಯಾವತ್ತೂ ಚಹಾ ಕೊಟ್ಟಿಲ್ಲ. ಮೇಡಂ ಗೆದ್ದಂತೆ ಕಾಣಲಿ ಎಂದು ನೆನಪೇ ಚಹಾ ತರಿಸಿದೆ. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಇದೇ ಗೋಳು. ನೆನಪು ಅವರನ್ನು ಗೆಲ್ಲಿಸಲು ನೋಡುತ್ತದೆ. ಅವರು ಗೆದ್ದದ್ದು ಕಡಿಮೆ. ಸೋತದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ನೆನಪು ಅಷ್ಟು ಚುರುಕಾಗಿ ತಂದುಕೊಡುವುದಿಲ್ಲ.

ನಾವು ಕೆಲಸ ಮಾಡುತ್ತಿದ್ದದ್ದು ಗಾಳಿಯಲ್ಲಿರುವ ಇಂಗಾಲವನ್ನು ತೆಗೆದು ಮಣ್ಣಿನಲ್ಲಿ ಹೂಳುವ ಕಂಪನಿಯಲ್ಲಿ. ಹೀಗೆಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು ಬಬಲೇಶ್ವರದವನು. ನನ್ನ ಮಾವನಿಗೆ ಮೂರು ಸಲ ವಿವರಿಸಿದ ಮೇಲೂ ಅವರು ಬೀಗರ ಮುಂದೆ “ಅಳಿಯ ಗಾಳಿ ಆಫೀಸಿನ್ಯಾಗ ಅದಾನ್ರಿ” ಎನ್ನುತ್ತಿದ್ದರು. ಮೇಡಂ ಮಾತ್ರ ಒಂದೇ ಸಲಕ್ಕೆ ಹೇಳಿ ಮುಗಿಸಬಲ್ಲವರು. ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಬಳ್ಳಿ ಸವರುವ ಚಾಟ್ನಿ ಮುಗಿದು, ಕತ್ತರಿಸಿದ ಕಡ್ಡಿಗಳು ಬದುವಿನ ಮೇಲೆ ರಾಶಿ ಬಿದ್ದಿದ್ದವು. ಮೇಡಂ ಒಂದು ಕಡ್ಡಿ ಎತ್ತಿ ಹಿಡಿದರು.

“ಈ ಬಳ್ಳಿ ವರ್ಷಪೂರ್ತಿ ಗಾಳ್ಯಾಗಿನ ಇಂಗಾಲ ತಿಂದೈತಿ. ನೀವು ಬದುವಿನ ಮ್ಯಾಲ ಸುಟ್ರ ತಿಂದದ್ದೆಲ್ಲಾ ತಿರಗಿ ಗಾಳಿಗೆ ಹೋಗ್ತೈತಿ. ನಾವು ಗಾಳಿ ಆಡದಂಗ ಮುಚ್ಚಿದ ಭಟ್ಟ್ಯಾಗ ಇಟ್ಟು ಇದ್ದಲಿ ಮಾಡ್ತೀವಿ. ಆ ಇದ್ದಲಿ ನಿಮ್ಮ ಹೊಲದಾಗ ಹೂಳಬೇಕು. ಅದು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರ್ತೈತಿ. ಹೂಳಿದ್ದು ಖರೆ ಅಂತ ಖಾತ್ರಿ ಆದ್ರ ಹೊರದೇಶದ ಕಂಪನ್ಯಾವ್ರು ರೊಕ್ಕ ಕೊಡ್ತಾರ. ಯಾಕಂದ್ರ ಅವರು ಅಲ್ಲಿ ಕುಂತು ಹೊಗಿ ಬಿಡಾಕತ್ತಾರ.”

ಸಿದ್ದಪ್ಪ ಕಾಕಾ ಎಂಬ ಹಿರಿಯ ಬೆಳೆಗಾರರು ಟೊಪ್ಪಿಗೆ ಸರಿ ಮಾಡಿಕೊಂಡರು. “ಅಂದ್ರ ಅವರ ಹೊಗಿ ತಂದು ನಮ್ಮ ಹೊಲದಾಗ ಹೂಳೂದು.”

“ಹೌದ್ರಿ ಕಾಕಾ. ಅಷ್ಟ.”

ಆ ‘ಅಷ್ಟ’ದ ಬಗ್ಗೆ ಬೆಂಗಳೂರಿನಲ್ಲಿದ್ದ ನಮ್ಮ ಸಂಸ್ಥಾಪಕ ನಿಖಿಲ್ ಸರ್‌ಗೆ ಯಾರೋ ಹೇಳಿದರು. ಯಾರೋ ಅಲ್ಲ, ನಾನೇ ಹೇಳಿದೆ, ನಗಿಸಲು. ಅವರು ನಗಲಿಲ್ಲ.

ಮೇಡಂ ಇಪ್ಪತ್ತು ವರ್ಷ ಒಂದು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡಿ ಸ್ವಯಂ ನಿವೃತ್ತಿ ಪಡೆದು ಬಂದವರು. ಅವರ ತಂದೆ ವಿಜಯಪುರದ ಹಣ್ಣಿನ ವ್ಯಾಪಾರಿ. ತೊರವಿಯಲ್ಲಿ ಮನೆ. ಕಂಪನಿ ಅವರಿಗೆ ಕೊಟ್ಟ ಹುದ್ದೆಯ ಹೆಸರು ಗುರುತಿನ ಚೀಟಿಯಲ್ಲಿ ಎರಡು ಸಾಲು ಹಿಡಿಯುತ್ತಿತ್ತು: ಮುಖ್ಯಸ್ಥೆ, ನಿಯಮ ಪಾಲನೆ ಮತ್ತು ಸಮುದಾಯ ಸಂಪರ್ಕ. “ಅಂದ್ರ ಏನ್ರಿ ಆಪಾ?” ಎಂದು ಯಾರಾದರೂ ಕೇಳಿದರೆ, “ಸಾಹೇಬರ ಬೈಗುಳ ಒಂದು ಕಿವಿಗೆ, ಊರವರ ಬೈಗುಳ ಇನ್ನೊಂದು ಕಿವಿಗೆ. ನಡುವ ತಲಿ ನಂದು,” ಎನ್ನುತ್ತಿದ್ದರು. ಆ ವಿಭಾಗದಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ನಾನು. ಒಪ್ಪಿಗೆ ಪಡೆಯುವುದು, ಪರವಾನಗಿ ತರುವುದು ಅವರ ಪಾಲಿಗೆ. ಇದ್ದಿಲು ನಿಜವಾಗಿ ಮಣ್ಣಿಗೆ ಸೇರಿತೇ ಎಂದು ಹೊಲಕ್ಕೆ ಹೋಗಿ ನೋಡಿ, ಫೋಟೊ ತೆಗೆದು, ಮೊಬೈಲಿನಲ್ಲಿ ನಮೂದಿಸುವುದು ನನ್ನ ಪಾಲಿಗೆ.

ತಿಕೋಟಾದ ಹತ್ತಿರ ಭಟ್ಟಿ ಕಟ್ಟುವ ಮೊದಲು ಊರ ಸಭೆ ನಡೆಯಿತು. ಒಪ್ಪಿಗೆ ಪತ್ರ ಆರು ಪುಟದ್ದು. ನಿಖಿಲ್ ಸರ್ ಅದಕ್ಕಾಗಿ ಚಂದದ ಚಿತ್ರಗಳಿದ್ದ ಒಂದು ಹಾಳೆ ಮಾಡಿಸಿ ಕಳಿಸಿದ್ದರು. ಹಸಿರು ಎಲೆ, ನಗುವ ರೈತ. ಮೇಡಂ ಅದನ್ನು ಮಡಚಿ ಚೀಲದಲ್ಲಿಟ್ಟು, ಆರನೆಯ ಪುಟ ತೆರೆದು ಗಟ್ಟಿಯಾಗಿ ಓದಲು ಶುರು ಮಾಡಿದರು. ಭಟ್ಟಿ ಹಚ್ಚುವಾಗ ಮೊದಲು ಸ್ವಲ್ಪ ಹೊತ್ತು ಹೊಗೆ ಬರುತ್ತದೆ. ಬೂದಿ ಹಾರಬಹುದು. ಇದ್ದಿಲು ಹಾಕಿದ ಹೊಲವನ್ನು ಮಾರಿದರೆ ಕೊಂಡವರಿಗೆ ತಿಳಿಸಬೇಕು. ಒಂದೊಂದನ್ನೂ ಓದಿ, ಮತ್ತೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ.

‘ಬೂದಿ’ ಎಂದ ಕೂಡಲೇ ಸಭೆ ಎದ್ದಿತು. ತಿಕೋಟಾದವರಿಗೆ ಬೂದಿ ಎಂದರೇನು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ದ್ರಾಕ್ಷಿ ಕಿತ್ತ ಮೇಲೆ ವಾರಗಟ್ಟಲೆ ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಾರೆ. ಆ ದಿನಗಳಲ್ಲಿ ಬೂದಿಯ ಒಂದು ಪದರ ಕೂತರೆ ಸಾಕು, ಮಾಲಿನ ಬಣ್ಣ ಹೋಯಿತು, ವರ್ಷದ ದುಡಿಮೆ ಹೋಯಿತು.

“ಅಲ್ರಿ ಬಾಯಾರ,” ಸಿದ್ದಪ್ಪ ಕಾಕಾ ಕೂಗಿದರು, “ನೀವು ಕಂಪನಿ ಪೈಕಿನೋ ನಮ್ಮ ಪೈಕಿನೋ? ನಮ್ಮನ್ನ ಒಪ್ಪಸಾಕ ಬಂದೀರೋ ಓಡಸಾಕ ಬಂದೀರೋ?”

“ನಾ ಈ ಕಾಗದದ ಪೈಕಿ ಕಾಕಾ. ಇದರಾಗ ಇದ್ದದ್ದು ಹೇಳಾಕ ಬಂದೀನಿ. ಇಲ್ಲದ್ದು ಏನರೆ ಬೇಕಂದ್ರ ಹೇಳ್ರಿ, ಬರಸ್ತೀನಿ.”

“ಮಣೂಕ ಒಣಗೂತನಕ ಭಟ್ಟಿ ಹಚ್ಚಬಾರದು. ಬರಸ್ರಿ ನೋಡೂಣು.”

ಅವರು ಅಲ್ಲೇ ಪೆನ್ನು ತೆಗೆದು, ಆರನೆಯ ಪುಟದ ಕೆಳಗೆ ಬರೆದು, ಸಹಿ ಮಾಡಿದರು. ಕಂಪನಿಯನ್ನು ಕೇಳಲಿಲ್ಲ. ಸಭೆಯಲ್ಲಿದ್ದವರೆಲ್ಲ ಒಪ್ಪಿದರು. ಮರುದಿನ ನಿಖಿಲ್ ಸರ್ ಫೋನಿನಲ್ಲಿ ಅರಚಿದ್ದು ಮೇಜಿನ ಆಚೆ ಕೂತಿದ್ದ ನನಗೂ ಕೇಳಿಸಿತು.

“ಮೇಡಂ, ವರ್ಷದಲ್ಲಿ ಮೂರು ತಿಂಗಳು ಭಟ್ಟಿ ಖಾಲಿ ಕೂತಿರತ್ತೆ. ನೀವು ಯಾರಿಗೋಸ್ಕರ ಕೆಲಸ ಮಾಡ್ತಾ ಇದ್ದೀರಿ?”

“ಉಳಿದ ಒಂಬತ್ತು ತಿಂಗಳರೆ ನಡೀಲಿ ಅಂತ ಮಾಡಾಕತ್ತೇನ್ರಿ ಸರ್.”

ಪರವಾನಗಿಯದು ಬೇರೆಯೇ ಕತೆ. ಇಂಥ ಭಟ್ಟಿಯನ್ನು ವಿಜಯಪುರದ ಆ ಕಚೇರಿಯವರು ಕಂಡಿರಲಿಲ್ಲ. ಇದು ಇಟ್ಟಂಗಿ ಭಟ್ಟಿಯಲ್ಲ, ಬಾಯ್ಲರ್ ಅಲ್ಲ, ಬೇಕರಿಯ ಒಲೆಯೂ ಅಲ್ಲ. ಯಾವ ಕಾಲಮ್ಮಿನಲ್ಲಿ ಬರೆಯಬೇಕು? ವಾರಕ್ಕೊಂದು ಸಲ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆವು. ಮೇಡಂ ರೊಟ್ಟಿ, ಪುಂಡಿಪಲ್ಯದ ಬುತ್ತಿ ತರುತ್ತಿದ್ದರು. ಹನ್ನೆರಡಕ್ಕೆ ಬಿಚ್ಚಿ, ಅದೇ ಗುಮಾಸ್ತರನ್ನೂ ಕರೆದು ತಿನ್ನಿಸುತ್ತಿದ್ದರು. ರೊಟ್ಟಿ ತಿಂದು ಅವರು “ಮುಂದಿನ ವಾರ ಬರ್ರಿ” ಎನ್ನುತ್ತಿದ್ದರು. ಕೊನೆಗೆ ಒಂದು ದಿನ, ನಮೂನೆಯ ಹಿಂದಿನ ಪುಟದಲ್ಲಿ, ‘ಇತರೆ’ ಎಂಬ ಒಂದು ಸಣ್ಣ ಚೌಕ ಇರುವುದನ್ನು ಮೇಡಂ ತೋರಿಸಿದರು. ಗುಮಾಸ್ತರು ಅದರಲ್ಲಿ ಒಂದು ಗೆರೆ ಎಳೆದರು. ಅಷ್ಟಕ್ಕೆ ನಾಲ್ಕು ತಿಂಗಳು. ಮೊದಲ ದಿನವೇ ಅದು ಮೇಡಂ ಕಣ್ಣಿಗೆ ಬಿದ್ದಿರಬೇಕಲ್ಲ, ಹಿಂದಿನಿಂದ ಓದುವವರು? ಕೇಳಿದೆ. “ಬಿದ್ದಿತ್ತು. ಅವತ್ತ ತೋರಿಸಿದ್ರ ಅವರು ಅದನ್ನೂ ಹೊಡದು ಹಾಕ್ತಿದ್ರು. ಬ್ಯಾಸರ ಆಗೂ ತನಕ ಕಾಯಬೇಕಾತು,” ಎಂದರು. ನನಗೆ ಸಿಟ್ಟು ಬಂತು. ನಾಲ್ಕು ತಿಂಗಳು ನಾನೂ ಬೇಸತ್ತಿದ್ದೆ.

ಭಟ್ಟಿ ಶುರುವಾಯಿತು. ಕಡ್ಡಿ ಆಯಲು, ಒಣಗಿಸಲು, ತುಂಬಲು ಊರಿನ ಹೆಂಗಸರಿಗೆ ಕೆಲಸ ಸಿಕ್ಕಿತು. ಅವರ ಮುಂದಾಳು ಗುರಬಸವ್ವ. ಆಕೆಗೂ ಒಂದು ಸಣ್ಣ ದ್ರಾಕ್ಷಿ ತೋಟ, ಪಕ್ಕದಲ್ಲಿ ಜೋಳದ ಹೊಲ, ಒಂದು ಒಣಗಿಸುವ ಶೆಡ್ ಇದ್ದವು. ಬದುವಿನ ಮೇಲೆ ಕಡ್ಡಿ ಸುಡುವುದು ಆ ಭಾಗದಲ್ಲಿ ನಿಂತಿತು. ಇದು ನನ್ನ ಕಣ್ಣಾರೆ ಕಂಡದ್ದು, ನೆನಪು ಸೇರಿಸಿದ್ದಲ್ಲ.

ಇನ್ನು ನನ್ನ ಪಾಲಿನದು.

ಒಂದು ಮಧ್ಯಾಹ್ನ ಮೂರು ಹೊಲ ನೋಡುವುದಿತ್ತು. ಮೂರೂ ಒಂದಕ್ಕೊಂದು ಹತ್ತಿದ ಹೊಲಗಳು. ನಡುವಿನದು ಗುರಬಸವ್ವನದು. ನಾನು ರಸ್ತೆಯ ಬದಿಯಲ್ಲೇ ಮೋಟರ್‌ಸೈಕಲ್ ನಿಲ್ಲಿಸಿ, ಮೊದಲ ಹೊಲದ ಅಂಚಿನಲ್ಲಿ ನಿಂತು, ಮೂರು ದಿಕ್ಕಿಗೆ ತಿರುಗಿ ಮೂರು ಫೋಟೊ ತೆಗೆದೆ. ನಮ್ಮ ಕಡೆಯ ಎರೆಮಣ್ಣು ಇದ್ದಿಲಿನಷ್ಟೇ ಕಪ್ಪು. ಫೋಟೊದಲ್ಲಿ ಯಾವುದು ಮಣ್ಣು, ಯಾವುದು ಇದ್ದಿಲು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಒಳಗೆ ನಡೆದು, ಕೆದರಿ, ಹಿಡಿ ಮಣ್ಣನ್ನು ನೀರಿಗೆ ಹಾಕಿ ಇದ್ದಿಲು ತೇಲುವುದನ್ನು ನೋಡಬೇಕಿತ್ತು. ನೋಡಲಿಲ್ಲ. ಮೂರಕ್ಕೂ ‘ಮಣ್ಣಿಗೆ ಸೇರಿದೆ’ ಎಂದು ನಮೂದಿಸಿ ಬಂದೆ.

ಮುಂದಿನ ಫೆಬ್ರುವರಿಯಲ್ಲಿ ಮೇಡಂ ಮತ್ತು ನಾನು ಗುರಬಸವ್ವನ ಶೆಡ್ಡಿಗೆ ಹೋದೆವು. ಭಟ್ಟಿ ನಿಂತಿದ್ದ ದಿನಗಳು. ಬೂದಿಯ ತಂಟೆ ಇಲ್ಲವಲ್ಲ ಎಂದು ಕೇಳಿ ಬರುವುದು ಮೇಡಂ ಉದ್ದೇಶ. ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಶೆಡ್ಡಿನೊಳಗೆ ಗಂಧಕದ ಹೊಗೆ ಹಾಕುತ್ತಾರೆ. ಕೆಂಡದ ಮೇಲೆ ಗಂಧಕದ ಪುಡಿ ಚೆಲ್ಲಿ, ಪರದೆ ಮುಚ್ಚಿ ಹೊರಗೆ ಬರುವುದು ಅಲ್ಲಿಯ ಪದ್ಧತಿ. ಗುರಬಸವ್ವ ಪರದೆ ಇಳಿಸುತ್ತಿದ್ದಳು. ಅವಳ ಹಿಂದೆ ನಮ್ಮ ಕಂಪನಿಯ ಚೀಲಗಳು ಸಾಲಾಗಿ ನಿಂತಿದ್ದವು. ಅರ್ಧ ಖಾಲಿ.

“ಬರ್ರಿ ಮೇಡಮ್ಮಾರ,” ಎಂದಳು ಸಂಭ್ರಮದಿಂದ. “ನೀವು ಕೊಟ್ಟ ಇದ್ದಲಿ ಬಾಳ ಚಲೋ ಅದಾವ್ರೀ. ಪೇಟ್ಯಾಗ ತಂದದ್ದು ಹಿಂಗ ಉರಿಯೂದಿಲ್ಲ. ಮಣೂಕ ನೋಡ್ರಿ, ಬಂಗಾರ ಆಗ್ಯಾವ. ಆಜೂ ಬಾಜೂದವ್ರೂ ಇದನ್ನ ಹಾಕಾಕತ್ತಾರ.”

“ಹೊಲಕ್ಕ ಹಾಕಲಿಲ್ಲೇನವಾ?”

“ಇಷ್ಟು ಚಲೋ ಇದ್ದಲಿ ಮಣ್ಣಾಗ ಯಾರರೆ ಹಾಕ್ತಾರೇನ್ರಿ?”

ನೂರಾರು ವರ್ಷ ಮಣ್ಣಿನಲ್ಲಿ ಇರಬೇಕಾದದ್ದು ಗಂಧಕದ ಕೆಳಗೆ ಉರಿದು ಮತ್ತೆ ಗಾಳಿಗೆ ಸೇರುತ್ತಿತ್ತು. ಗುರಬಸವ್ವನ ಮಾತಿನಲ್ಲಿ ಕಪಟವಿರಲಿಲ್ಲ. ಸಭೆಯಲ್ಲಿ ಅವಳೂ ಇದ್ದಳು, ಎಲ್ಲ ಕೇಳಿದ್ದಳು. ಆದರೆ ಕೈಗೆ ಬಂದ ಒಳ್ಳೆಯ ಇದ್ದಿಲನ್ನು ಮಣ್ಣಿಗೆ ಚೆಲ್ಲಲು ಅವಳ ಕೈ ಒಪ್ಪಿರಲಿಲ್ಲ. ಮೇಡಂ ಒಂದು ಕಾಳು ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು, “ಚಲೋ ಆಗ್ಯಾವ” ಎಂದರು. ಆಮೇಲೆ ಮೋಟರ್‌ಸೈಕಲ್ಲಿನ ಕಡೆ ನಡೆದರು.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅವರು “ಈ ಹೊಲ ಯಾರು ನೋಡಿದ್ರು?” ಎಂದು ಕೇಳುತ್ತಾರೆ, ನಾನು ಸುಮ್ಮನಿರುತ್ತೇನೆ. ಇನ್ನೊಂದರಲ್ಲಿ ಅವರು ಕೇಳುವುದೇ ಇಲ್ಲ. ಎರಡನೆಯದು ನನಗೆ ಅನುಕೂಲ. ಆದ್ದರಿಂದ ಮೊದಲನೆಯದೇ ನಿಜವಿರಬೇಕು.

ಇದ್ದಿಲು ಹಾಕಿದೆ ಎಂದು ನಮೂದಾಗಿದ್ದ ಹೊಲಗಳನ್ನೆಲ್ಲ ಮೇಡಂ ಹತ್ತು ದಿನ ಒಬ್ಬರೇ ಸುತ್ತಿದರು. ಉಳಿದವು ಸರಿಯಿದ್ದವು. ಆ ಮೂರು ಮಾತ್ರ ಸುಳ್ಳು. ನಮ್ಮ ಲೆಕ್ಕವನ್ನು ದೃಢೀಕರಿಸುವ ಸಂಸ್ಥೆಗೆ ಅವರು ಒಂದು ವರದಿ ಬರೆದರು. ನಿಖಿಲ್ ಸರ್ ಈ ಸಲ ಅರಚಲಿಲ್ಲ, ವಿಮಾನ ಹತ್ತಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಕಾರು ಮಾಡಿಕೊಂಡು ಬಂದರು.

“ಮೂರೇ ಹೊಲ ಮೇಡಂ. ಪಟ್ಟಿಯಿಂದ ತೆಗೆದುಬಿಡೋಣ. ಯಾರಿಗೂ ಗೊತ್ತಾಗಲ್ಲ. ಇದನ್ನ ಕಳಿಸಿದ್ರೆ ಭಟ್ಟಿ ಮುಚ್ಚತ್ತೆ.”

“ಮೂರು ಹೊಲ ನಾವು ಮುಚ್ಚಿಟ್ವಿ ಅಂದ್ರ ಉಳದ ಹೊಲ ಯಾರು ನಂಬ್ತಾರ್ರಿ ಸರ್?”

“ಆ ಹೆಂಗಸರ ಕೆಲಸ ಹೋಗತ್ತೆ. ಅದಾದ್ರೂ ಯೋಚನೆ ಮಾಡಿ.”

ಅದು ನಿಜವೆಂದು ಮೇಡಂ ಒಪ್ಪಿಕೊಂಡರು. ಆದರೂ ವರದಿ ಕಳಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ‘ಪರಿಶೀಲನೆ ನನ್ನ ವಿಭಾಗದ ಹೊಣೆ. ಅದು ಸರಿಯಾಗಿ ನಡೆದಿಲ್ಲ’ ಎಂದಷ್ಟೇ ಇತ್ತು, ಕೊನೆಯ ಪುಟದಲ್ಲಿ, ಕೆಳಗೆ ಅವರ ಸಹಿ.

ಸಂಸ್ಥೆ ನಮ್ಮ ಪ್ರಮಾಣಪತ್ರವನ್ನು ತಡೆಹಿಡಿಯಿತು. ಕೊಳ್ಳುವವರು ಹಿಂದೆ ಸರಿದರು. ಭಟ್ಟಿ ನಿಂತಿತು, ಕಂಪನಿ ಬೇರೆ ರಾಜ್ಯಕ್ಕೆ ಹೋಯಿತು. ಮೇಡಂ ಅವರಿಗೆ ರಾಜೀನಾಮೆ ಕೊಡಿ ಎಂದರು, ಅವರು ಕೊಟ್ಟರು. ನಾನು ವಿಜಯಪುರದ ಒಂದು ಶೀತಲಗೃಹದಲ್ಲಿ ಮೇಲ್ವಿಚಾರಕನ ಕೆಲಸ ಹಿಡಿದೆ. ತಿಕೋಟಾದ ಬದುಗಳ ಮೇಲೆ ಮತ್ತೆ ಕಡ್ಡಿಯ ಹೊಗೆ ಎದ್ದಿತು. ಬಸ್ಸಿನಲ್ಲಿ ಹೋಗುವಾಗ ಆ ಹೊಗೆ ಕಂಡು ನಾನು ಮೇಡಂ ಅವರನ್ನು ಬೈದುಕೊಂಡಿದ್ದೇನೆ. ಇಷ್ಟು ನೆಟ್ಟಗೆ ಇರುವ ಅಗತ್ಯವೇನಿತ್ತು ಈ ಹೆಂಗಸಿಗೆ? ಮೂರು ಹೊಲ! ಹೀಗೆ ಬೈಯುವಾಗ ಆ ಮೂರು ಹೊಲ ಯಾರ ಕೈಯಿಂದ ಆದದ್ದು ಎಂಬುದು ನನಗೆ ಮರೆತೇ ಹೋಗಿರುತ್ತಿತ್ತು.

ಎರಡು ವರ್ಷದ ಮೇಲೆ ತಿಕೋಟಾದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೇಡಂ ಸಿಕ್ಕರು. ಬಹಳ ಇಳಿದಿದ್ದರು, ಕಾಲಲ್ಲಿ ಬಾವು ಇತ್ತು. ಚೀಲದ ತುಂಬ ಕಾಗದ. ಬೆಳೆಗಾರರು, ಹೆಂಗಸರು ಕೂಡಿ ಸಂಘ ಮಾಡಿಕೊಂಡು ಭಟ್ಟಿಯನ್ನು ತಾವೇ ನಡೆಸಲು ಹೊರಟಿದ್ದರು. ಮೇಡಂ ಪಗಾರವಿಲ್ಲದೆ ಅವರ ಅರ್ಜಿ ಬರೆಯುತ್ತಿದ್ದರು.

“ದೃಢೀಕರಣದವರು ಒಂದು ಕೇಳ್ಯಾರ. ಹಿಂದ ತಪ್ಪು ಹ್ಯಾಂಗಾತು ಅಂತ ಹೊಲ ನೋಡಿದಾಂವ ಬರದು ಕೊಡಬೇಕಂತ.”

ನಾನು ಚಹಾದ ಲೋಟ ಕೆಳಗಿಟ್ಟೆ. “ಮೇಡಮ್ರ, ಅದು ನಾನ...”

“ಗೊತ್ತೈತಿ. ಮೊಬೈಲಿನ್ಯಾಗ ಹೆಸರಿತ್ತಲ್ಲೋ ಮಲ್ಲು.” ಒಂದು ಬಿಳಿ ಹಾಳೆ ಮುಂದೆ ಇಟ್ಟರು. “ಅರ್ಧ ಪುಟ ಸಾಕು.”

ಬರೆದೆ. ಮೋಟರ್‌ಸೈಕಲ್ ಪಂಕ್ಚರ್ ಆಗಿದ್ದರಿಂದ ಹೊಲದೊಳಗೆ ಹೋಗಿ ನೋಡಲು ಆಗಲಿಲ್ಲ ಎಂದು ಬರೆದೆ. ಅವರು ಓದಿದರು.

“ಅವತ್ತು ಪಂಕ್ಚರ್ ಆಗಿದ್ದು ಖರೇನು?”

“ಖರೆ ಅನಸ್ತೈತ್ರಿ.”

“ಅನಸೂದು ಬ್ಯಾಡ.”

ನಾನು ಯೋಚಿಸಿದೆ. ಪಂಕ್ಚರ್ ಆದದ್ದು ಬೇರೆ ದಿನ, ಬೇರೆ ಊರಲ್ಲಿ. ಅವತ್ತು ಬಿಸಿಲಿತ್ತು, ಅಷ್ಟೆ. ಹೊಲಕ್ಕೆ ಇಳಿಯಲು ಮನಸ್ಸಾಗಲಿಲ್ಲ, ಅಷ್ಟೆ. ಅದನ್ನು ಬರೆದು ಸಹಿ ಮಾಡಿದರೆ ಈಗಿನ ಕೆಲಸದಲ್ಲಿ, ದಿನಕ್ಕೆ ಹತ್ತು ಸಲ ‘ನೋಡಿದ್ದೇನೆ’ ಎಂದು ಸಹಿ ಹಾಕುವ ಕೆಲಸದಲ್ಲಿ, ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ? “ನಾಳಿ ಬರದು ಮನಿಗೆ ತಂದು ಕೊಡ್ತೀನ್ರಿ,” ಎಂದೆ. ಮೇಡಂ ಬೈಯಲಿಲ್ಲ. ಹಾಳೆಯನ್ನು ನನ್ನ ಕಡೆ ಸರಿಸಿ, ಕಾಲು ಎಳೆದುಕೊಂಡು ಬಸ್ಸಿಗೆ ಹೋದರು. ಹತ್ತುವಾಗ ಕಂಡಕ್ಟರ್ ಅವರ ಚೀಲ ಹಿಡಿದುಕೊಂಡ. ತಿರುಗಿ ನೋಡಿದರು ಎಂದು ಬರೆಯಲು ಕೈ ಹೋಗುತ್ತಿದೆ. ನೋಡಲಿಲ್ಲ.

ಆ ನಾಳೆಗೆ ಏಳು ತಿಂಗಳಾದವು. ಕಿಡ್ನಿ ಕೈಕೊಟ್ಟು ಮೇಡಂ ತೀರಿಕೊಂಡರೆಂದು ಹೋದ ತಿಂಗಳು ಸುದ್ದಿ ಬಂತು. ಮೂರನೆಯ ದಿನದ ಪ್ರಾರ್ಥನೆಗೆ, ಜಿಯಾರತ್‌ಗೆ, ತೊರವಿಯ ಮನೆಗೆ ಹೋದೆ. ತಿಕೋಟಾದಿಂದ ಒಂದು ಟಂಟಂ ತುಂಬ ಹೆಂಗಸರು ಬಂದಿದ್ದರು. ಗುರಬಸವ್ವ ನನ್ನನ್ನು ಗುರುತಿಸಿ ಅಂಗಳದ ಬದಿಗೆ ಕರೆದಳು.

“ಮೇಡಮ್ಮಾರ ಜೋಡಿ ಬರ್ತಿದ್ರಿ ಹೌದಲ್ರಿ ಸರ್? ನಮ್ಮ ಅರ್ಜಿ ತಿರಗಿ ಬಂದೈತ್ರಿ. ಮುಂದಿನ ತಿಂಗಳ ಒಳಗ ಕೊಡದಿದ್ರ ಮುಗೀತಂತ. ಉಳದದ್ದೆಲ್ಲಾ ಮೇಡಮ್ಮಾರು ಬರದಿಟ್ಟು ಹೋಗ್ಯಾರ. ಹೊಲ ನೋಡಿದಾಂವಂದು ಒಂದ ಸಹಿ ಇಲ್ಲರಿ. ಹೆಸರು ಕೇಳಿದ್ರ ಹೇಳಲೇ ಇಲ್ಲ ನೋಡ್ರಿ ಅವರು. ಅಂವ ತಾನ ಬರ್ತಾನ ಅಂತಿದ್ರು.”

ಒಳಗಿನಿಂದ ಕುರಾನ್ ಓದುವ ದನಿ ಕೇಳುತ್ತಿತ್ತು. ಗುರಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀವು ಅದ ಆಫೀಸಿನ್ಯಾಗ ಇದ್ದವ್ರು. ಅಂವ ಯಾರು ಅಂತ ಗೊತ್ತೈತೇನ್ರಿ ನಿಮಗ?”